ಗಜ್ಜರಿ ಬಣ್ಣಕ್ಕೆ ತಿರುಗಿದ ನೀರು

ಮಧ್ಯಾಹ್ನ ಮೂರು ನಲವತ್ತಕ್ಕೆ ಬಚ್ಚಲಿನಿಂದ ಕೆಮ್ಮು ಕೇಳಿಸಿತು. ಗಡಿಯಾರ ನೋಡಿ, ಬರೆಯುತ್ತಿದ್ದ ಸಾಲು ಮುಗಿಸಿ ಎದ್ದೆ. ಆ ಒಂದು ಸಾಲು ಇನ್ನೂ ನನ್ನನ್ನು ಬಿಟ್ಟಿಲ್ಲ.

ಬಾಗಿಲು ತೆಗೆದರೆ ಕಣ್ಣಿಗೆ ಖಾರ ಎರಚಿದಂತಾಯಿತು. ಕಾಕಾನ ಹೆಂಡತಿ ಚಿಗವ್ವ ಗೋಡೆ ಹಿಡಿದು ಕುಸಿದಿದ್ದಳು. ಪಕ್ಕದಲ್ಲಿ ನನ್ನ ಟಬ್ಬು, ಬ್ಲೀಚಿಂಗ್ ಪುಡಿ, ಪಾಯಖಾನೆ ತೊಳೆಯುವ ಆಸಿಡ್. ಅವೆರಡು ಸೇರಿದರೆ ಕ್ಲೋರಿನ್ ಏಳುತ್ತದೆಂದು ಬಿ.ಎಸ್ಸಿಯಲ್ಲಿ ಬರೆದು ಅಂಕ ಪಡೆದವಳು ನಾನು. ಉಸಿರು ಬಿಗಿಹಿಡಿದು ಅವಳನ್ನು ಅಂಗಳಕ್ಕೆ ಎಳೆದೆ. ತುಟಿ ನೀಲಿಯಾಗಿತ್ತು. ದೋರನಹಳ್ಳಿಯಿಂದ ಶಹಾಪುರದ ಆಸ್ಪತ್ರೆಯವರೆಗೆ ಆಟೋದಲ್ಲಿ ಅವಳ ಉಸಿರು ಎಣಿಸುತ್ತಲೇ ಹೋದೆ.

ಟಬ್ಬಿನಲ್ಲಿದ್ದದ್ದು ಪಾಚಿ. ಕಾಲುವೆ ಕೆಳಗಿನ ನಮ್ಮ ಹೊಲ ಸವಳು ಹಿಡಿದು ಬೆಳ್ಳಗಾಗಿದೆ, ಹತ್ತಿಯೂ ಏಳುವುದಿಲ್ಲ. ಉಪ್ಪಿನಲ್ಲೇ ಬದುಕುವ ಸೂಕ್ಷ್ಮ ಪಾಚಿಯನ್ನು ಯಾದಗಿರಿಯ ಕಾಲೇಜಿನ ಮೇಡಂ ಒಂದು ಬಾಟಲಿಯಲ್ಲಿ ಕೊಟ್ಟಿದ್ದರು. ಎರಡು ಟಬ್ಬಿಗೆ ಆ ಹೊಲದ ಬೋರಿನ ನೀರು ಹಾಕಿ, ಒಂದಕ್ಕೆ ಸ್ವಲ್ಪ, ಇನ್ನೊಂದಕ್ಕೆ ಬಹಳ ಉಪ್ಪು ಕರಗಿಸಿ ಅಂಗಳದ ಬಿಸಿಲಿಗಿಟ್ಟೆ. ಉಪ್ಪು ಕಡಿಮೆಯಿದ್ದಲ್ಲಿ ಪಾಚಿ ಹಸಿರಾಗಿ ಬೇಗ ಹೆಚ್ಚಿತು. ಉಪ್ಪು ಜಾಸ್ತಿಯಾದಲ್ಲಿ ಬೆಳವಣಿಗೆ ಕುಂಟಿತು, ಆದರೆ ಗಜ್ಜರಿಗೆ, ಅಂದರೆ ಕ್ಯಾರೆಟ್ಟಿಗೆ, ಬಣ್ಣ ಕೊಡುವ ಕ್ಯಾರೊಟಿನ್ ಒಳಗೆ ತುಂಬಿಕೊಂಡು ನೀರೇ ಕೇಸರಿಯಾಯಿತು. ಮಾರುಕಟ್ಟೆಯಲ್ಲಿ ಬೆಲೆಯಿದ್ದದ್ದು ಆ ಕ್ಯಾರೊಟಿನ್‌ಗೇ. ಮೇಡಂಗೆ ಫೋನ್ ಮಾಡಿ ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಕೆಟ್ಟಿದೆ ಎಂದುಕೊಂಡು ಚಿಗವ್ವ ಆ ಕೇಸರಿ ನೀರನ್ನು ಚೆಲ್ಲಿ, ಟಬ್ಬನ್ನು ಬಚ್ಚಲಿಗೆ ಒಯ್ದು, ವಾಸನೆಗೆ ಪುಡಿ ಹಾಕಿ, ಅಂಚಿಗೆ ಕಟ್ಟಿದ ಬಿಳಿ ಉಪ್ಪು ಬಿಡಲಿಲ್ಲವೆಂದು ಆಸಿಡ್ ಸುರಿದಿದ್ದಳು. ನನಗೆ ನೆರವಾಗಲೆಂದು.

"ಪಾಚಿ ಸಲುವಾಗಿ ಮನ್ಯಾಗ ಹೆಣ ಬೀಳ್ತಿತ್ತು. ಉಳಿದದ್ದೂ ಇವತ್ತ ಚೆಲ್ತೀನಿ," ಎಂದರು ಕಾಕಾ, ಆಸ್ಪತ್ರೆಯಲ್ಲಿ ಚಿಗವ್ವನ ಮಂಚದ ಪಕ್ಕದಲ್ಲೇ ನಿಂತು.

"ಚೆಲ್ಲಂಗಿಲ್ಲ ಕಾಕಾ. ತಪ್ಪು ಪಾಚೀದಲ್ಲ, ಮನ್ಯಾಗ ಹೇಳದ ಇದ್ದ ನಂದು," ಎಂದೆ.

ಚಿಗವ್ವ ಆಕ್ಸಿಜನ್ ಮಾಸ್ಕ್ ಸರಿಸಿದಳು. "ಪಾಚಿ ಏನ್ ಮಾಡ್ಯಾದ್ರಿ? ಪುಡಿ, ಆಸಿಡ್ ಹಾಕಿದಾಕಿ ನಾ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮೇಡಂಗ ಹೇಳಾಕ ಬಾಯಿ ಅದ, ನನಗ ಹೇಳಾಕ ಇಲ್ಲೇನು?" ಎಂದಳು. ನರ್ಸ್ ಬೈದು ಮಾಸ್ಕ್ ಮತ್ತೆ ಏರಿಸಿದರು.

ಮನೆಗೆ ಬಂದ ಮೇಲೂ ಅಡ್ಡಾದರೆ ಅವಳಿಗೆ ಕೆಮ್ಮು ಬರುತ್ತಿತ್ತು, ಗೋಡೆಗೆ ಒರಗಿಯೇ ಮಲಗುತ್ತಿದ್ದಳು. ಅವಳು ಕೆಮ್ಮಿದರೆ ನಾನು ಎದ್ದು ಕೂರುತ್ತಿದ್ದೆ. "ಆ ಪಾಚಿ ಇನ್ನೂ ಬಿಟ್ಟಿಲ್ಲೇನವಾ?" ಎಂದು ಓಣಿಯವರು ಕೇಳಿದರು. ಬಿಡಲಿಲ್ಲ. ಹಸಿರು ಟಬ್ಬಿನ ಅರ್ಧ ನೀರು ಹೊಸ ಟಬ್ಬಿಗೆ ಸುರಿದು, ದಿನಕ್ಕಿಷ್ಟು ಉಪ್ಪು ಏರಿಸತೊಡಗಿದೆ, ಈ ಸಲ ಚಿಗವ್ವನ ಕಣ್ಣೆದುರಿಗೆ, ಪ್ರತಿಯೊಂದನ್ನೂ ಹೇಳುತ್ತ. ಉಪ್ಪಿನ ತ್ರಾಸವಾದರಷ್ಟೇ ಬಣ್ಣ ಏರುತ್ತದೆ ಎಂದಾಗ ಅವಳೆಂದಳು: "ತ್ರಾಸ ಕೊಡಬೇಕಂದ್ರ ನಿಮ್ಮ ಕಾಕಾನ್ನ ಕೂಡ್ರಸು ಟಬ್ಬಿನ ಮುಂದ."

ನೀರು ಮತ್ತೆ ಬಣ್ಣ ತಿರುಗಿದ್ದನ್ನು ಮೊದಲು ಕಂಡವಳು ಅವಳೇ. "ಏ, ಬಾ ಇಲ್ಲಿ. ಕೆಟ್ಟದ ನೋಡು," ಎಂದು ನಗು ತಡೆಯುತ್ತ ಕೂಗಿದಳು. ನಕ್ಕರೂ ಕೆಮ್ಮು ಬರಲಿಲ್ಲ. ಅಂದು ರಾತ್ರಿ ಚಾಪೆಯ ಮೇಲೆ ಉದ್ದಕ್ಕೆ ಮಲಗಿದಳು. ನಾನು ಕಿವಿಗೊಟ್ಟು ಬಿದ್ದುಕೊಂಡಿದ್ದೆ. ಕಣ್ಣು ಬಿಟ್ಟಾಗ ಅಂಗಳಕ್ಕೆ ಬಿಸಿಲು ಬಂದಿತ್ತು, ಅವಳಿನ್ನೂ ನಿದ್ದೆಯಲ್ಲಿದ್ದಳು.