‘ನೀನೂ’ ಎಂಬುದರ ದೀರ್ಘ

ಕರಡು ತಿದ್ದುವವನಿಗೆ ಬೇರೆಯವರ ತಪ್ಪು ಹುಡುಕಲು ಸಂಬಳ ಸಿಗುತ್ತದೆ. ತನ್ನ ತಪ್ಪನ್ನು ಬಿಟ್ಟಿಯಾಗಿ ಹುಡುಕಬೇಕು. ಕುಂದಾಪುರದ ಒಂದು ಅಚ್ಚುಕೂಟದಲ್ಲಿ ಕುಳಿತು ನಾನು ಎರಡನ್ನೂ ಮಾಡುತ್ತೇನೆ.

ಮಳೆಗಾಲದ ಕೊನೆಗೆ ಬ್ರಹ್ಮಾವರದ ನಿವೃತ್ತ ಮೇಷ್ಟರೊಬ್ಬರ ಪುಸ್ತಕ ಬಂತು. ಯಹೂದಿ ಹಿರಿಯರು ತಮ್ಮ ಧರ್ಮಗ್ರಂಥವನ್ನು ಹೇಗೆ ಓದುತ್ತಿದ್ದರು ಎಂಬುದರ ಬಗ್ಗೆ. ಅದಕ್ಕೆ ಮೂವತ್ತೆರಡು ನಿಯಮಗಳ ಪಟ್ಟಿಯೇ ಇತ್ತಂತೆ. ‘ಸಹ’ ಎಂಬಂಥ ಪದ ಬಂದರೆ ಹೇಳದೆ ಬಿಟ್ಟದ್ದೇನೋ ಒಳಗೆ ಸೇರಿದೆ; ‘ಮಾತ್ರ’ ಬಂದರೆ ಏನೋ ಹೊರಗುಳಿದಿದೆ. ಒಂದೇ ಮಾತು ಎರಡು ಸಲ ಬಂದರೆ ಎರಡನೆಯದು ದಂಡವಲ್ಲ, ಅದಕ್ಕೂ ಕಾರಣವಿದೆ. ಪುನರುಕ್ತಿ ಕಂಡಲ್ಲೆಲ್ಲ ಕೆಂಪು ಗೆರೆ ಎಳೆದು ಅನ್ನ ಉಂಡವನಿಗೆ ಈ ಕೊನೆಯದು ಮೀನಿನ ಮುಳ್ಳಿನ ಹಾಗೆ ಗಂಟಲಿಗೆ ಸಿಕ್ಕಿತು.

ಕಾರಣ, ಹೆಮ್ಮಾಡಿಯಲ್ಲಿರುವ ನನ್ನ ಅಕ್ಕ. ಎರಡು ವರ್ಷದ ಹಿಂದೆ ತನ್ನ ಮಗಳ ಮದುವೆ ಕಾಗದಕ್ಕೆ ಅವಳು ಬರೆದುಕೊಟ್ಟದ್ದರಲ್ಲಿ ನಮ್ಮ ಅಮ್ಮನ ಹೆಸರು ಎರಡು ಕಡೆ ಇತ್ತು. ಮೇಲೆ ದಿವಂಗತರ ಸಾಲಿನಲ್ಲಿ, ಕೆಳಗೆ ಆಗಮನ ಬಯಸುವವರ ಸಾಲಿನಲ್ಲಿ. ತೀರಿಹೋದವರು ಕರೆಯುವುದುಂಟೇ ಎಂದು ಕೆಳಗಿನದನ್ನು ಹೊಡೆದುಹಾಕಿದೆ. ಕೇಳಲೂ ಇಲ್ಲ. ಮೊಮ್ಮಗಳ ಮದುವೆಗೆ ಎಲ್ಲರನ್ನೂ ತಾನೇ ಕರೆಯಬೇಕೆಂಬುದು ಅಮ್ಮನ ಆಸೆಯಾಗಿತ್ತೆಂದು ಭಾವನಿಂದ ತಿಳಿಯುವಾಗ ಕಾಗದ ಬೈಂದೂರಿನವರೆಗೂ ಹಂಚಿಯಾಗಿತ್ತು. ಅಕ್ಕ ಮಾತು ಬಿಟ್ಟಳು.

ಮೇಷ್ಟರ ಪುಸ್ತಕ ಮೇಜಿನ ಮೇಲಿರುವಾಗಲೇ ಮೊಬೈಲಿಗೆ ಅಕ್ಕನ ಮೆಸೇಜು ಬಂತು. ‘ಐತಾರ ಹೊಸ್ತ್. ನೀನೂ ಬಾ.’ ಭಾನುವಾರ ಹೊಸ್ತು, ಎಂದರೆ ಹೊಸ ಅಕ್ಕಿಯ ಊಟ.

ಮೂರು ದಿನ ಆ ಒಂದು ದೀರ್ಘದೊಳಗೆ ಸಿಕ್ಕಿಬಿದ್ದೆ. ‘ನೀನು’ ಎಂದಿದ್ದರೆ ಅದು ಕರೆ. ‘ನೀನೇ’ ಎಂದಿದ್ದರೆ ವಿಚಾರಣೆ. ‘ನೀನೂ’ ಎಂದರೆ ಯಾರ ಜೊತೆ? ಊರೆಲ್ಲ ಬರುತ್ತದೆ, ಹಾಳಾಗಲಿ ನೀನೂ ಬಾ ಎಂದೇ? ಹೋದರೆ ಕಷ್ಟ, ಹೋಗದಿದ್ದರೆ ಅಕ್ಕ ಇನ್ನು ಕರೆಯಲಿಕ್ಕಿಲ್ಲ. ಅಕ್ಕ ಬರೆದದ್ದಕ್ಕಿಂತ ನೀವು ಓದಿದ್ದೇ ಹೆಚ್ಚಾಯಿತು, ಅಂಗಿ ಇಸ್ತ್ರಿಗೆ ಕೊಡಿ ಎಂದಳು ಹೆಂಡತಿ.

ಹೋದೆ. ಹೊಸ್ತಿನಲ್ಲೊಂದು ಕ್ರಮವಿದೆ: ಕಿರಿಯರು ಹಿರಿಯರಿಗೆ ‘ಹೊಸ್ತ್ ಉಣ್ತೆ’ ಎಂದು ಹೇಳಿ, ಅವರು ಒಪ್ಪಿದ ಮೇಲೆಯೇ ಮೊದಲ ತುತ್ತು. ಆ ಸಾಲಿನಲ್ಲಿ ಅಕ್ಕ, ಭಾವನ ನಂತರ ನಾನೇ ದೊಡ್ಡವನು. ನಾನು ಬಾಯಿ ಬಿಡದೆ ಮಕ್ಕಳಾರೂ ಉಣ್ಣುವಂತಿಲ್ಲ. ಬೆನ್ನಿಗೆ ಗೋಡೆ, ಮುಂದೆ ಎಲೆ, ಎಲೆಯಾಚೆ ಸೌಟು ಹಿಡಿದ ಅಕ್ಕ. ತುತ್ತು ಕಟ್ಟಿದ ಕೈ ಅಲ್ಲೇ ನಿಂತಿತು.

“ಹ್ವಾಯ್, ಬೇಗ ಹೇಳಿ. ಅಕ್ಕಿ ಹಳ್ತಾಯ್ತ್,” ಎಂದರು ಭಾವ.

“ಹೊಸ್ತ್ ಉಣ್ತೆ, ಅಕ್ಕ.”

“ಉಣ್ಣ್,” ಎಂದಳು. ಎಲೆಗೆ ಇನ್ನೊಂದು ಸೌಟು ಹುಳಿ ಸುರಿದು, “ಅಕ್ಕನ್ ಹತ್ರ ಮಾತಾಡುಕೆ ಹೊಸಕ್ಕಿಯೇ ಬೇಕಾಯ್ತಾ ನಿಂಗೆ?”

ಮಾತು ಬಿಟ್ಟವಳು ನೀನಲ್ಲವೇ ಎನ್ನಲು ಹೊರಟೆ. ಈ ಎರಡು ವರ್ಷದಲ್ಲಿ ನಾನು ಒಮ್ಮೆಯೂ ಫೋನು ಮಾಡಿರಲಿಲ್ಲವೆಂದು ಆಗ ಹೊಳೆಯಿತು. ಬಾಯಿಂದ ಬಂದದ್ದು ಬೇರೆ: “ನಾನ್ ಅಮ್ಮನ್ ಹೆಸ್ರ್ ತೆಗಿಬಾರ್ದಿತ್ತ್.”

ಅಕ್ಕ ಮುಂದಿನ ಎಲೆಗೆ ಹೋದಳು. ಅಷ್ಟರಲ್ಲಿ ಮಕ್ಕಳು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿ, ಮಾವ, ಹೊಸ್ತ್ ಉಣ್ತೆ ಎನ್ನತೊಡಗಿದರು. ಒಬ್ಬೊಬ್ಬರಿಗೂ “ನೀನೂ ಉಣ್ಣ್” ಎಂದೆ.