ಓಡಿಲ್ ಅವರ ಎಲೆಕೋಸಿನ ಜಾಡಿ

ನಾನು ನಿವೃತ್ತಳಾಗುವುದಕ್ಕೆ ಇನ್ನು ಎರಡು ವರ್ಷ ಬಾಕಿಯಿತ್ತು. ಹ್ಯೂಸ್ಟನ್ ಪಕ್ಕದ ಒಂದು ಸಣ್ಣ ನಗರದಲ್ಲಿ ಫುಡ್ ಇನ್ಸ್‌ಪೆಕ್ಟರ್ ಆಗಿದ್ದೆ. ಹೋಟೆಲುಗಳ ಅಡುಗೆಮನೆಗೆ ಹೇಳದೆ ಕೇಳದೆ ನುಗ್ಗಿ, ಫ್ರಿಜ್ಜಿನ ಉಷ್ಣಾಂಶದಿಂದ ಹಿಡಿದು ಮೋರಿಯವರೆಗೆ ನೋಡಿ ಅಂಕ ಹಾಕುವುದು ನನ್ನ ಕೆಲಸ. ನಾನೋ ಹುಟ್ಟಾ ಸಸ್ಯಾಹಾರಿ. ಮಾಂಸಕ್ಕೆ ಥರ್ಮಾಮೀಟರ್ ಚುಚ್ಚಿದ್ದೇನೆಯೇ ಹೊರತು ಬಾಯಿಗಿಟ್ಟವಳಲ್ಲ.

ಅಲ್ಲಿ ಹಳೆಯ ಇಟ್ಟಿಗೆ ಕಟ್ಟಡದಲ್ಲಿ ಮೂರು ತಲೆಮಾರಿನಿಂದ ನಡೆದುಬಂದ ಫ್ರೆಂಚ್ ಬ್ರಾಸರಿಯೊಂದಿತ್ತು. ಬ್ರಾಸರಿ ಎಂದರೆ ಬಿಯರ್ ಜೊತೆ ಯಾವ ಹೊತ್ತಿಗೆ ಹೋದರೂ ಬಿಸಿ ಊಟ ಸಿಗುವ ಜಾಗ. ಮನೆತನ ಆಲ್ಸಾಸ್ ಪ್ರಾಂತ್ಯದ್ದು. ಅಲ್ಲಿನ ಶುಕ್ರೂತ್, ಅಂದರೆ ಉಪ್ಪು ಹಾಕಿ ಹುಳಿ ಬರಿಸಿದ ಎಲೆಕೋಸು, ಅವರ ಹೆಸರಾಂತ ತಿನಿಸು. ಅದನ್ನು ಹಾಕುತ್ತಿದ್ದವರು ಎಪ್ಪತ್ತೆಂಟರ ಓಡಿಲ್. ಹೋಟೆಲು ನಡೆಸುತ್ತಿದ್ದವಳು ಅವರ ಮಗಳು ಕ್ಲೇರ್.

ನಾನು ಅಲ್ಲಿಗೆ ಹೋದಾಗ ಅದು ಆ ದಿನದ ನಾಲ್ಕನೇ ಇನ್ಸ್‌ಪೆಕ್ಷನ್. ಹೊಟ್ಟೆ ಹಸಿದಿತ್ತು, ತಲೆ ಕೆಟ್ಟಿತ್ತು. ಹಿಂಬದಿಯ ಕೋಣೆಯಲ್ಲಿ ಒಂದೇ ದಿನ ತುಂಬಿಸಿದ ಎರಡು ದೊಡ್ಡ ಜಾಡಿಗಳಿದ್ದವು. ಒಂದರ ಮೇಲೆ ಬಿಳಿ ಪೊರೆ ಕಟ್ಟಿತ್ತು.

"ಬೂಷ್ಟು ಬಂದಿದೆ," ಎಂದೆ.

"ಬರೀ ಪೊರೆ. ತೆಗೆದುಹಾಕಿದರೆ ಆಯಿತು," ಎಂದರು ಓಡಿಲ್.

"ಉಪ್ಪು ಎಷ್ಟು ಹಾಕ್ತೀರಿ?"

"ನನ್ನ ಕೈಗೆ ಗೊತ್ತು."

"ಫಾರ್ಮಿನಲ್ಲಿ ಕೈ ಅಂತ ಬರೆಯೋಕಾಗಲ್ಲ," ಎಂದೆ. ಭಾರಿ ಜಾಣತನದ ಮಾತಾಡಿದೆ ಎಂದುಕೊಂಡೆ, ನೋಡಿ!

ಹುಳಿಯನ್ನು ಅಳೆಯಲು ಪಿಎಚ್ ಮೀಟರ್ ಇರುತ್ತದೆ. ಅಂಕಿ 4.6ಕ್ಕಿಂತ ಕಡಿಮೆಯಿದ್ದರೆ ವಿಷಕಾರಿ ರೋಗಾಣು ಬೆಳೆಯದಷ್ಟು ಹುಳಿ ಇದೆಯೆಂದು ಅರ್ಥ. ನನ್ನ ಮೀಟರ್ ಕಾರಿನಲ್ಲಿತ್ತು. ತರಲಿಲ್ಲ. ಪೊರೆಯಿದ್ದ ಜಾಡಿಯನ್ನು ಕಸಕ್ಕೆ ಸುರಿಸಿ, ಮತ್ತೆ ಯಾರೂ ಬಳಸದಂತೆ ಮೇಲೆ ಬ್ಲೀಚ್ ಹೊಯ್ಯಿಸಿದೆ. ಇನ್ನೊಂದಕ್ಕೆ, ಲಿಖಿತ ವಿಧಾನ ಕೊಡುವವರೆಗೆ ಮುಟ್ಟಬಾರದೆಂದು ಚೀಟಿ ಅಂಟಿಸಿದೆ. ಓಡಿಲ್ ಏಪ್ರನ್ ಬಿಚ್ಚಿಟ್ಟು ಮಹಡಿಯ ಮೇಲಿನ ಮನೆಗೆ ಹೊರಟುಹೋದರು.

ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ನಮ್ಮ ಯಜಮಾನರು ಬಿಡಲಿಲ್ಲ. "ಅಲ್ಲ ಕಣೇ, ಉಪ್ಪುನೀರಿನ ಮಾವಿನಕಾಯಿ ಮೇಲೆ ಬಿಳೀದು ಬಂದ್ರೆ ನಿಮ್ಮಮ್ಮ ಸೌಟಲ್ಲಿ ತೆಗೆದು ಬಡಿಸ್ತಿದ್ರು. ನೀನೂ ಚಪ್ಪರಿಸ್ಕೊಂಡು ತಿಂದೋಳೇ. ಪಾಪ, ಆ ಯಮ್ಮನ ಜಾಡಿಗೆ ಬ್ಲೀಚಾ?"

ಮಾತು ಚುರುಕ್ಕೆಂದಿತು. ಮರುದಿನ ಮೀಟರ್ ಹಿಡಿದು ಹೋದೆ. ಉಳಿದ ಜಾಡಿಯ ಅಂಕಿ 3.4. ಚೆಲ್ಲಿಸಿದ್ದು ಹೇಗಿತ್ತೆಂದು ಇನ್ನು ಯಾರೂ ಹೇಳಲಾರರು. ಆದರೆ ಎರಡೂ ಒಂದೇ ಕೈಯ ಕೆಲಸ.

"ಅಮ್ಮ ನಿನ್ನೆಯಿಂದ ಮಹಡಿ ಇಳಿದಿಲ್ಲ," ಎಂದಳು ಕ್ಲೇರ್. "ಐವತ್ತು ವರ್ಷ ಜನಕ್ಕೆ ಕೆಟ್ಟದ್ದು ತಿನ್ನಿಸಿದೆನಾ ಅಂತ ಕೇಳ್ತಾನೇ ಇದ್ದಾರೆ."

ನನಗೆ ತುಂಬ ಸಂಕಟವಾಯಿತು, ನಾಚಿಕೆಯೂ ಆಯಿತು. ಮಹಡಿ ಹತ್ತಿ, "ತಪ್ಪು ನನ್ನದು," ಎಂದೆ. ಆದರೂ ನಿಯಮಕ್ಕೆ ಉಪ್ಪಿನ ಅಳತೆ ಬರಹದಲ್ಲಿ ಬೇಕೇ ಬೇಕು. ಅವರನ್ನು ಕೆಳಗೆ ಕರೆತಂದು, ಎರಡು ಕಿಲೋ ಹೆಚ್ಚಿದ ಕೋಸಿಗೆ ಬೇಕಾದ ಒಂದು ಹಿಡಿ ಉಪ್ಪನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಹಾಕಿಸಿದೆ. ನಲವತ್ತು ಗ್ರಾಂ. ಆಮೇಲೆ ಐವತ್ತೆಂಟು. ಆಮೇಲೆ ಮೂವತ್ತಮೂರು. ಅವರ ಕಣ್ಣೆಲ್ಲ ಅಂಕಿಯ ಮೇಲೆಯೇ ಇತ್ತು. "ನೋಡಿದಿರಾ, ನನಗೆ ಗೊತ್ತೇ ಇರಲಿಲ್ಲ," ಎಂದರು.

ಅಂಕಿ ಅವರಿಗೆ ಕಾಣದಂತೆ ತಕ್ಕಡಿಯನ್ನು ನನ್ನ ಕಡೆ ತಿರುಗಿಸಿಕೊಂಡೆ. "ನೀವು ಕೋಸು ನೋಡಿ. ಅಂಕಿ ನಾನು ನೋಡ್ತೀನಿ."

ಮುಂದಿನ ಎಂಟು ಹಿಡಿಗಳಲ್ಲಿ ಒಂದೂ ನಲವತ್ತೆಂಟು ಗ್ರಾಮಿಗಿಂತ ಕಡಿಮೆಯಿರಲಿಲ್ಲ, ಐವತ್ತೊಂದು ದಾಟಲಿಲ್ಲ. ಕೋಸಿನ ತೂಕದ ಹೆಚ್ಚುಕಡಿಮೆ ಶೇಕಡಾ ಎರಡೂವರೆ. ನಮ್ಮ ತರಬೇತಿಯಲ್ಲಿ ಹೇಳಿಕೊಟ್ಟದ್ದೂ ಅಷ್ಟೇ. ಅಂಕಿಗಳನ್ನು ಬರೆದು ಅವರ ಮುಂದಿಟ್ಟೆ.

ಓಡಿಲ್ ಎರಡೆರಡು ಸಲ ಓದಿದರು. "ಹಾಗಾದರೆ ನಾನು ಯಾರಿಗೂ ಕೆಟ್ಟದ್ದು ತಿನ್ನಿಸಿಲ್ಲ?"

"ಇಲ್ಲ."

ಅವರು ಏಪ್ರನ್ ಕಟ್ಟಿಕೊಂಡು ಕೋಸು ಹೆಚ್ಚತೊಡಗಿದರು. ನಾನು ಆಫೀಸಿಗೆ ಹೋಗಿ, ಮೀಟರ್ ಬಳಸದೆ ಜಾಡಿ ಚೆಲ್ಲಿಸಿದೆನೆಂದು ನನ್ನ ವರದಿಯನ್ನೇ ತಿದ್ದಿ ಬರೆದೆ. ಬಾಸ್ ಚೆನ್ನಾಗಿಯೇ ಮಂಗಳಾರತಿ ಮಾಡಿದರು.

ಅಳೆಯದೆ ತೀರ್ಪು ಕೊಡಬೇಡ ಎಂಬುದು ನಮ್ಮ ಕೆಲಸದ ಮೊದಲ ಪಾಠ. ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವಳೇ ನಾನು. ಆ ಹಿಂಬದಿಯ ಕೋಣೆಯಲ್ಲಿ ಅಳೆದು ಕೆಲಸ ಮಾಡಿದವರು ಓಡಿಲ್ ಒಬ್ಬರೇ.