ಕೋಲ್ಮನ್ ಫೋಲನ್ ಹೆಣೆದ ಕಿನ್ನರರ ದಾರಿ

ಜಾಗದ ಹೆಸರು ಬರೆದುಕೊಳ್ಳಲು ಬರುವವರನ್ನು ಕಂಡರೆ ಕೋಲ್ಮನ್ ಫೋಲನ್‌ಗೆ ಮೈಯೆಲ್ಲ ಉರಿ. ಕಾನೆಮಾರಾದ ಆ ಕಡಲಂಚಿನಲ್ಲಿ ಹುಟ್ಟಿ, ಐವತ್ತು ವರ್ಷ ಕಡಲಪಾಚಿ ಕೊಯ್ದು ಮಾರಿ ಬೆನ್ನು ಬಾಗಿಸಿಕೊಂಡವನು ಅವನು. ಅಲ್ಲಿ ಬಂಡೆ ಬಂಡೆಗೂ ಹೆಸರಿದೆ, ಅಷ್ಟನ್ನೂ ಬಲ್ಲವನು ಅವನೊಬ್ಬನೇ. ಗಾಲ್ವೇ ಪಟ್ಟಣದಿಂದ ಕಾರಿನಲ್ಲಿ ಬಂದು, ಹೊಸ ಬೂಟು ಮೆಟ್ಟಿಕೊಂಡು, ಎರಡು ಗಂಟೆಯಲ್ಲಿ ಎಲ್ಲ ತುಂಬಿಕೊಂಡು ಹೋಗುತ್ತೇವೆ ಎನ್ನುವವರಿಗೆ ಅದನ್ನು ಯಾಕೆ ಕೊಡಬೇಕು? ಬಂದವರ ಕಿವಿಗೆ ಹೂವಿಟ್ಟು ಕಳಿಸುವುದೇ ಅವನ ಪದ್ಧತಿ.

ಒಂಬತ್ತು ವರ್ಷದ ಹಿಂದೆ ಪರಂಪರೆ ಸಂಘದ ಪರವಾಗಿ ಫಿಡೆಲ್ಮಾ ಎಂಬ ಹುಡುಗಿ ರೆಕಾರ್ಡರ್ ಹಿಡಿದು ಬಂದಳು. ಅವನ ಮನೆ ಪಕ್ಕದಿಂದ ಕಡಲಿಗಿಳಿಯುವ ದಾರಿಗೆ ಏನನ್ನುತ್ತಾರೆ ಎಂದು ಕೇಳಿದಳು. ಊರವರೆಲ್ಲ ಅದನ್ನು ಪಾಚಿದಾರಿ ಎನ್ನುತ್ತಿದ್ದರು, ಅಷ್ಟೇ. ಅವನ ತಾಯಿ ನೀರು ಸೋರುವ ಬುಟ್ಟಿ ಬೆನ್ನಿಗೆ ಬಿಗಿದುಕೊಂಡು ಸವೆಸಿದ ದಾರಿ. ಆದರೆ ಹುಡುಗಿಯ ಮುಖದ ಮೇಲಿನ ಆಸೆ ನೋಡಿ ಅವನಿಗೆ ರೇಗಿತು. ಕಾಗೆ ಹಾರಿಸಿಯೇ ಬಿಟ್ಟ. ಅದು ಕಿನ್ನರರ ದಾರಿ, ನರಮನುಷ್ಯರು ಕಾಲಿಡುವಂತಿಲ್ಲ, ಇಟ್ಟವನ ದೋಣಿ ವರ್ಷದೊಳಗೆ ಮುಳುಗುತ್ತದೆ, ತಾನು ಕಂಡಂತೆ ಒಬ್ಬರೂ ಅಲ್ಲಿ ನಡೆದಿಲ್ಲ ಎಂದು ಒಂದು ಗಂಟೆ ಬಿಗಿದ. ಹುಡುಗಿ ಕಣ್ಣೊರೆಸಿಕೊಂಡಳು. ಅವಳ ಕಾರು ಮರೆಯಾದದ್ದೇ ತಡ, ಅದೇ ದಾರಿಯಲ್ಲಿ ಟ್ರ್ಯಾಕ್ಟರ್ ಇಳಿಸಿಕೊಂಡು ಪಾಚಿ ತರಲು ಹೋದ. ಪಬ್ಬಿನಲ್ಲಿ ಒಂದು ವಾರ ಇದೇ ನಗು.

ಅವಳು ತುಂಬಿಕೊಂಡು ಹೋದದ್ದೆಲ್ಲ ಪುಸ್ತಕವಾಗಿ ಅಚ್ಚಾಯಿತು, ಅವನ ಫೋಟೋ ಸಮೇತ. ಓದಿದ ಪ್ರವಾಸಿಗರು ಬರತೊಡಗಿದರು. ನಕ್ಕಿದ್ದ ಬಾಯಿಗಳೆಲ್ಲ ಈಗ ಗಂಭೀರವಾದವು. ಊರಿನವನೇ ಆದ ಬಾರ್ಟ್ಲಿ ಮನ್ನಿಯನ್ ತನ್ನ ಮನೆಯ ಮೂರು ಕೋಣೆಗಳನ್ನು ಬಾಡಿಗೆಗೆ ಬಿಟ್ಟು, ದಾರಿಯ ತಲೆಯಲ್ಲಿ ಕಿನ್ನರರ ಬೋರ್ಡು ನೆಡಿಸಿದ. ಚಿಕ್ಕಂದಿನಲ್ಲಿ ಅದೇ ದಾರಿಯಲ್ಲಿ ಬುಟ್ಟಿ ಹೊತ್ತವನು, ಜರ್ಮನಿಯಿಂದ ಬಂದವರನ್ನು ಅಲ್ಲಿ ನಿಲ್ಲಿಸಿಕೊಂಡು ಪಿಸುದನಿಯಲ್ಲಿ ಮಾತಾಡುತ್ತಿದ್ದ. ಥೂ, ಎಂಥ ಜನವಪ್ಪ! ಕೋಲ್ಮನ್ ಮಾತ್ರ ಇವರನ್ನೆಲ್ಲ ನೋಡಿ ಒಳಗೊಳಗೇ ಹಿಗ್ಗುತ್ತಿದ್ದ, ಊರೆಲ್ಲ ಪೆದ್ದರು, ತಾನೊಬ್ಬನೇ ಜಾಣ ಎಂದು.

ಕಳೆದ ವರ್ಷ ಡಬ್ಲಿನ್‌ನ ಡೆಸ್ಮಂಡ್ ಟುವೋಹಿ ಎಂಬವನು ಆ ದಾರಿ ಹಾಯುವ ಹೊಲ ಕೊಂಡು, ಅಡ್ಡಲಾಗಿ ಕಬ್ಬಿಣದ ಗೇಟು ಹಾಕಿ ಬೀಗ ಜಡಿದ. ಆ ಹೊತ್ತಿಗೆ ಪಾಚಿಗೆ ಇಳಿಯುತ್ತಿದ್ದವರು ಇಬ್ಬರೇ, ಕೋಲ್ಮನ್ ಮತ್ತು ಪಕ್ಕದ ಮನೆಯ ವಿಧವೆ ಸಬೀನಾ. ಕೋಲ್ಮನ್‌ಗೆ ಪಿಂಚಣಿಯಾದರೂ ಇತ್ತು. ಸಬೀನಾಳ ಹೊಟ್ಟೆಪಾಡೇ ಪಾಚಿ. ಸುತ್ತಿ ಬಳಸಿ ಹೋಗೋಣವೆಂದರೆ ಮೂರು ಮೈಲಿ ಜೌಗುನೆಲ, ಟ್ರ್ಯಾಕ್ಟರ್ ಇಳಿಸಿದರೆ ಹೂತುಹೋಗುತ್ತದೆ. ಗೇಟು ತೆಗೆಸಿಕೊಡಿ ಎಂದು ಅವಳು ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟಳು. ಹಿಂದಿನಿಂದಲೂ ಜನ ನಡೆದಾಡಿದ ದಾರಿ ಎಂದು ಊರವರು ಸಾಕ್ಷಿ ಹೇಳಿದರೆ ಗೇಟು ತೆಗೆಸುತ್ತೇವೆ ಎಂದು ಅಧಿಕಾರಿ ಊರಿನ ಸಭಾಂಗಣಕ್ಕೇ ಬಂದ.

ಟುವೋಹಿ ಧೂರ್ತನಾಗಿದ್ದರೆ ಬೈದಾದರೂ ಸಮಾಧಾನಪಡಬಹುದಿತ್ತು. ಅವನೋ ಪುಸ್ತಕವನ್ನು ಎದೆಗವಚಿಕೊಂಡು ಬಂದಿದ್ದ. ಇದನ್ನು ಓದಿಯೇ ತಾನು ಈ ಜಾಗ ಕೊಂಡದ್ದು, ಹಿರಿಯರು ಕಾಲಿಡದ ದಾರಿಯನ್ನು ಯಾರೂ ತುಳಿಯದಿರಲಿ ಎಂದೇ ಗೇಟು ಹಾಕಿಸಿದ್ದು ಎಂದ. ಕೋಲ್ಮನ್‌ನ ಮಾತುಗಳನ್ನು ಕೋಲ್ಮನ್‌ನ ಎದುರಿಗೇ, ಒಂದಕ್ಷರ ಬಿಡದೆ, ಭಕ್ತಿಯಿಂದ ಓದಿದ.

ಕೋಲ್ಮನ್ ಎದ್ದು ನಿಂತ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ತನ್ನ ಮೇಲೇ ಅಸಹ್ಯವಾಗಿತ್ತು.

"ಅದೆಲ್ಲ ಸುಳ್ಳು. ಆ ಹುಡುಗೀನ ಆಡಿಸೋಕೆ ನಾನೇ ಕಟ್ಟಿದ್ದು. ನಮ್ಮಮ್ಮ ದಿನಕ್ಕೆ ನಾಲ್ಕು ಸಲ ಆ ದಾರೀಲಿ ಹತ್ತಿ ಇಳೀತಿದ್ಲು."

"ಅವತ್ತು ಸುಳ್ಳು ಹೇಳಿದೆ ಅಂತೀರಿ," ಎಂದ ಅಧಿಕಾರಿ. "ಇವತ್ತು ಹೇಳ್ತಿರೋದು ನಿಜ ಅಂತ ಹೇಗೆ ನಂಬ್ಲಿ?"

"ಇಲ್ಲಿ ಕೂತಿರೋರನ್ನ ಕೇಳಿ. ಬಾರ್ಟ್ಲೀನ ಕೇಳಿ, ನನ್ನ ಜೊತೇಲೇ ಬುಟ್ಟಿ ಹೊತ್ತೋನು."

ಸಬೀನಾ ಬಾರ್ಟ್ಲಿಯ ಕಡೆ ತಿರುಗಿದಳು. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಧಾನವಾಗಿ ಎದ್ದ. ಬೇಸಿಗೆಯ ಅಷ್ಟೂ ದಿನಕ್ಕೆ ಅವನ ಕೋಣೆಗಳು ಭರ್ತಿಯಾಗಿದ್ದವು.

"ಕೋಲ್ಮನ್‌ಗೆ ವಯಸ್ಸಾಯ್ತು, ಪಾಪ," ಎಂದ. "ಈ ಊರನ್ನ ಅವನಷ್ಟು ತಿಳಿದೋರು ಯಾರಿದ್ದಾರೆ? ಪುಸ್ತಕದಲ್ಲಿ ಅವನು ಹೇಳಿರೋದೇ ಸರಿ. ಆ ದಾರೀಲಿ ಯಾರೂ ನಡೆದಿಲ್ಲ."

ಹಿಂದಿನ ಬೆಂಚುಗಳಲ್ಲಿ ಏಳೆಂಟು ತಲೆಗಳು ಹೌದೆಂದು ಅಲ್ಲಾಡಿದವು. ಒಂದೊಂದು ತಲೆಯೂ ಬುಟ್ಟಿಯ ಭಾರಕ್ಕೆ ಬಾಗಿ ಆ ದಾರಿ ಹತ್ತಿಳಿದ ತಲೆಯೇ. ಅಧಿಕಾರಿ ಬರೆದುಕೊಂಡ. ಕೋಲ್ಮನ್ ಬಾರ್ಟ್ಲಿಯನ್ನು ಸುಟ್ಟುಬಿಡುವಂತೆ ನೋಡುತ್ತ ನಿಂತೇ ಇದ್ದ.

ಸಬೀನಾ ತಲೆವಸ್ತ್ರ ಕಟ್ಟಿಕೊಂಡು ಎದ್ದಳು. ಅವಳ ದನಿ ಏರಲಿಲ್ಲ.

"ಅವನನ್ನ ಯಾಕೆ ಹಾಗೆ ನೋಡ್ತೀಯ, ಕೋಲ್ಮನ್? ನೀನು ಹೇಳಿಕೊಟ್ಟಿದ್ದನ್ನೇ ತಾನೇ ಅವನು ಹೇಳಿದ್ದು."